ಬುಲೆಟ್ ಸೋರ್ತಿತ್ತು, ಎಲ್ಲಿಂದ ಅಂತ ಹುಡುಕಿದ ಕತೆ



ಹೋದ ತಿಂಗಳು ನನ್ನ ಹಳೇ ಬುಲೆಟ್ ಫೋಟೋ ಹಾಕಿದ್ದೆ. ಲೈಕ್ ಒತ್ತಿದವರಿಗಿಂತ ಫೋನ್ ಮಾಡಿ ಕೇಳಿದವರೇ ಜಾಸ್ತಿ. ಎಲ್ಲರದೂ ಒಂದೇ ಪ್ರಶ್ನೆ: "ಆಯಿಲ್ ಲೀಕ್ ನಿಂತೈತೇನ್ರಿ?" ನಿಂತೈತಿ. ಹೆಂಗ ನಿಂತಿತು ಅಂತ ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೀತೀನಿ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಇದ್ದಾಗ ಓದ್ರಿ. ಹಳೇ ಬುಲೆಟ್ ಇಟ್ಕೊಂಡವರಿಗೆ ಉಪಯೋಗ ಆಗಬಹುದು. ಬುಲೆಟ್ ಇಲ್ಲದವರಿಗೂ ಆಗಬಹುದು.

ಮೊದಲು ಗಾಡಿ ವಿಷಯ. 1984ರ ಮಾಡೆಲ್, ಸ್ಟ್ಯಾಂಡರ್ಡ್ 350. ಮದ್ರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಶುರುವಾದಾಗ ಇಂಗ್ಲೆಂಡಿನಿಂದ ಯಾವ ಇಂಜಿನ್ ಬಂದಿತ್ತೋ ಹೆಚ್ಚುಕಮ್ಮಿ ಅದೇ ಇಂಜಿನ್. ಬೀಡು ಕಬ್ಬಿಣದ ಸಿಲಿಂಡರ್, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಈಗಿನ ಹುಡುಗರು ಹತ್ತಿದರೆ ಮೊದಲ ಫರ್ಲಾಂಗಿನಲ್ಲೇ ಬೆವರ್ತಾರೆ.

ನಮ್ಮ ದಢೇಸುಗೂರು ಕಡೆ ಬುಲೆಟ್ ಅಂದ್ರೆ ಏನಾಗಿತ್ತು ಅನ್ನೋದು ನನ್ನ ವಯಸ್ಸಿನವರಿಗೆ ಗೊತ್ತು. 1953ರಲ್ಲಿ ತುಂಗಭದ್ರಾ ಡ್ಯಾಂ ಆಯ್ತು, ಎಡದಂಡೆ ಕಾಲುವೆಯಲ್ಲಿ ನೀರು ಬಂತು, ಜೋಳ ಸಜ್ಜೆ ಬೆಳೀತಿದ್ದ ಎರಿ ಹೊಲ ಗದ್ದೆ ಆಯ್ತು. ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿಕೊಂಡರು. ಭತ್ತ ಬಂತು, ರೈಸ್ ಮಿಲ್ ಬಂತು, ಅದರ ಹಿಂದೇನೇ ಬುಲೆಟ್ ಬಂತು. ಊರಾಗ ಒಂದೋ ಎರಡೋ. ಗುಡುಗುಡು ಸಪ್ಪಳ ಕೇಳಿದ್ರೆ ಸಾಕು, ನಮ್ಮ ಕೇರಿಯ ಕಟ್ಟಿ ಮ್ಯಾಲೆ ಕುಂತ ಹಿರಿಯರು ಎದ್ದು ನಿಲ್ತಿದ್ರು. ಗಾಡಿ ಮ್ಯಾಲೆ ಯಾರು ಅದಾರ ಅಂತ ನೋಡೋಕ್ಕಿಂತ ಮೊದಲೇ ಎದ್ದಿರ್ತಿದ್ರು. ಆ ಸಪ್ಪಳಕ್ಕೇ ನಮ್ಮವರ ಮೊಣಕಾಲಿಗೆ ಅಷ್ಟು ರೂಢಿ ಆಗಿತ್ತು.

ಇದು ಹಳೇ ಮಾತು ಅಂತ ಅನ್ನಬ್ಯಾಡ್ರಿ. 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಒಬ್ಬ ದಲಿತ ಕಾಲೇಜು ಹುಡುಗ ಬುಲೆಟ್ ಓಡಿಸ್ತಾನೆ ಅನ್ನೋ ಸಿಟ್ಟಿಗೆ ಅವನ ಕೈಗೆ ಮಚ್ಚು ಬೀಸಿದರು ಅಂತ ದೂರಾಯ್ತು, ಬಂಧನವೂ ಆಯ್ತು. ಬುಲೆಟ್ ತಯಾರಾಗೋ ರಾಜ್ಯದಲ್ಲೇ ಈ ಕತೆ.

ಹಂಗಾಗಿ ಕ್ಯಾಂಪೊಂದರ ಮಿಲ್ಲಿನ ಹಿಂದೆ ಹೊಟ್ಟಿನ ರಾಶಿಯಲ್ಲಿ ಅರ್ಧ ಹೂತಿದ್ದ ಈ ಗಾಡಿ ಗುಜರಿ ರೇಟಿಗೆ ಸಿಕ್ಕಾಗ ನಾನು ಬಿಡಲಿಲ್ಲ. ಎರಡು ವರ್ಷ ಹಿಡೀತು. ಸಂಬಳದಾಗ ಉಳಿದಷ್ಟು ಉಳಿದಾಗ ಒಂದೊಂದು ಸಾಮಾನು. ಸಿಂಧನೂರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್, ನಾವೆಲ್ಲ ಉಸ್ತಾದ್ ಅಂತೀವಿ, ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿಕೊಟ್ಟರು. ಸಿಲಿಂಡರ್ ರೀಬೋರ್, ಹೊಸ ಪಿಸ್ಟನ್, ರಿಂಗು, ವಾಲ್ವ್ ಗೈಡು, ಎಲ್ಲ ಆಯಿಲ್ ಸೀಲು, ಎಲ್ಲ ಪ್ಯಾಕಿಂಗು ಹೊಸಾವು. ಮಾರ್ಚ್ ಕೊನೇ ವಾರ ಮೂರನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ಏಪ್ರಿಲ್ 14ರ ಬೈಕ್ ರ‍್ಯಾಲಿಗೆ ಬಾಬಾಸಾಹೇಬರ ಫೋಟೋ ಕಟ್ಟೋ ಮುಂದಿನ ಗಾಡಿ ಇದೇ ಅಂತ ನಮ್ಮ ಹುಡುಗರು ತೀರ್ಮಾನ ಮಾಡಿಬಿಟ್ಟಿದ್ರು.

ಎರಡನೇ ದಿನ ಬೆಳಿಗ್ಗೆ ಗಾಡಿ ಕೆಳಗೆ ಅಂಗೈ ಅಗಲ ಎಣ್ಣೆ.

ಮೂರನೇ ದಿನ ಚಹಾದಂಗಡಿ ಮುಂದೆ ನಿಲ್ಲಿಸಿದ್ದೆ. ಅಲ್ಲಿ ಕುಂತಿದ್ದ ದೊಡ್ಡ ಮನೆಯವರೊಬ್ಬರು ಕೆಳಗೆ ಬಿದ್ದ ಹನಿ ನೋಡಿ, "ಏನಪಾ ಸಂಘಟನೆ, ಬುಲೆಟ್ಟಿಗೂ ಯಾರ ಕೈಗೆ ಬಂದೀನಿ ಅಂತ ಗೊತ್ತಾಗೇತಿ ನೋಡು, ಉಚ್ಚಿ ಹೊಯ್ಕಂಡೈತಿ" ಅಂದ್ರು. ಕುಂತವರೆಲ್ಲ ನಕ್ಕರು. ನಮ್ಮ ಕೇರಿ ಹುಡುಗರೂ ಇಬ್ಬರು ಇದ್ದರು, ಅವರು ನಗಲಿಲ್ಲ, ನನ್ನ ಮುಖ ನೋಡಿದರು. ಬೈದಾಡೋದು ನನಗೂ ಬರ್ತದೆ. ಆದ್ರೆ ಆ ಹನಿ ಬೀಳ್ತಾ ಇರೋ ತನಕ ನಾನು ಏನು ಮಾತಾಡಿದರೂ ಅದು ಹನಿ ಮುಂದೆ ಸಣ್ಣದಾಗ್ತದೆ ಅಂತ ಅನ್ನಿಸ್ತು. ಮೊದಲು ಸೋರಿಕೆ ಹುಡುಕಬೇಕು.

ಉಸ್ತಾದ್ ಹತ್ರ ಹೋದರೆ ಅವರು ಎಲ್ಲ ಮೆಕ್ಯಾನಿಕರೂ ಹೇಳೋ ಮಾತೇ ಹೇಳಿದರು: "ತಮ್ಮಾ, ಬುಲೆಟ್ ಆಯಿಲ್ ಸುರಿಸ್ಲಿಲ್ಲ ಅಂದ್ರ ಒಳಗ ಆಯಿಲ್ ಖಾಲಿ ಆಗೇತಿ ಅಂತ ತಿಳ್ಕೋ. ಅದರ ಜಾತಿನೇ ಹಂಗ."

ಅವರು ತಮಾಷೆಗೆ ಅಂದದ್ದು. ಆದರೆ "ಅದರ ಜಾತಿನೇ ಹಂಗ" ಅನ್ನೋ ಮಾತು ನನಗೆ ಕೂಡೋದಿಲ್ಲ. ಎಲ್ಲಿ ಕಾರಣ ಹುಡುಕೋಕೆ ಬೇಸರವೋ ಅಲ್ಲಿ ಈ ಮಾತು ಬರ್ತದೆ. ಎಣ್ಣೆ ತಾನಾಗಿ ಕಬ್ಬಿಣ ತೂರಿ ಬರೋದಿಲ್ಲ. ಅದಕ್ಕೊಂದು ಸಂದು ಬೇಕು, ಹಿಂದಿನಿಂದ ತಳ್ಳೋದು ಒಂದು ಬೇಕು.

ಈಗ ಹುಡುಕೋ ಕ್ರಮ ಹೇಳ್ತೀನಿ, ಗಮನ ಕೊಟ್ಟು ಓದ್ರಿ.

ಮೊದಲ ಪ್ರಶ್ನೆ: ಯಾವ ಎಣ್ಣೆ? ಹಳೇ ಬುಲೆಟ್ಟಿನಲ್ಲಿ ಎಣ್ಣೆಗೆ ಮೂರು ಬೇರೆ ಬೇರೆ ಮನೆ. ಇಂಜಿನ್ ಒಂದು, ಎಡಗಡೆ ಕ್ಲಚ್ ಮತ್ತು ಪ್ರೈಮರಿ ಚೈನ್ ಇರೋ ಡಬ್ಬಿ ಒಂದು, ಹಿಂದೆ ಗೇರ್‌ಬಾಕ್ಸ್ ಒಂದು. ಒಂದರ ಎಣ್ಣೆ ಇನ್ನೊಂದಕ್ಕೆ ಹೋಗಬಾರದು. ಗೇರ್‌ಬಾಕ್ಸಿನದು ಮಂದ, ಮೂಗಿಗೆ ಹಿಡಿದರೆ ಗಂಧಕದಂಥ ವಾಸನೆ. ಕ್ಲಚ್ ಡಬ್ಬಿಯದು ತೆಳು. ಇಂಜಿನ್‌ದು ಓಡ್ತಾ ಓಡ್ತಾ ಕಪ್ಪಾಗ್ತದೆ. ರಾತ್ರಿ ಗಾಡಿ ಕೆಳಗೆ ಬಿಳೀ ರಟ್ಟು ಹಾಸಿ ಬೆಳಿಗ್ಗೆ ನೋಡಿದರೆ ಅರ್ಧ ಉತ್ತರ ಸಿಗ್ತದೆ. ನನ್ನದು ಇಂಜಿನ್ ಎಣ್ಣೆ. ಅಲ್ಲಿಗೆ ಎರಡು ಮನೆ ಬಿಟ್ಟು ಹೋದವು.

ಎರಡನೇದು: ಹನಿ ಬಿದ್ದ ಜಾಗ ನಂಬಬ್ಯಾಡ್ರಿ. ಮೇಲೆ ಎಲ್ಲೇ ಸೋರಲಿ, ಎಣ್ಣೆ ಕಬ್ಬಿಣದ ಮೈ ಹಿಡಿದು ಇಳಿದು ಕೊನೆಗೆ ಎಲ್ಲಕ್ಕಿಂತ ಕೆಳಗಿರೋ ಡ್ರೇನ್ ನಟ್ಟಿನ ತುದಿಗೆ ಬಂದು ಹನಿಯಾಗ್ತದೆ. ಓಡುವಾಗ ಗಾಳಿ ಅದನ್ನ ಹಿಂದಕ್ಕೆ ಒಯ್ದು ಗೇರ್‌ಬಾಕ್ಸ್ ತನಕ ಬಳೀತದೆ. ಡ್ರೇನ್ ನಟ್ ಒದ್ದೆ ಅಂತ ಅದನ್ನೇ ತಿರುವಿ ತಿರುವಿ ಬಿಗಿ ಮಾಡಿ ಥ್ರೆಡ್ ಕೆಡಿಸಿದವರು ಎಷ್ಟೋ ಜನ.

ಆಫೀಸಿನಲ್ಲಿ ಫೈಲು ನೋಡೋ ನನಗೆ ಇದು ಹೊಸದಲ್ಲ. ಹಾಸ್ಟೆಲ್ ಹುಡುಗನ ತಟ್ಟೆಯಲ್ಲಿ ಸಾರು ತೆಳುವಾದರೆ ಎಲ್ಲರೂ ಅಡುಗೆಯವನನ್ನೇ ಹಿಡೀತಾರೆ, ಅಂದ್ರೆ ಡ್ರೇನ್ ನಟ್ಟನ್ನ. ನಮ್ಮ ರಾಜ್ಯದ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ 2013ರಲ್ಲಿ ಬಂತು. ಎಲ್ಲರೂ ಓಡಾಡೋ ರಸ್ತೆ, ಸೇತುವೆಯ ಖರ್ಚಿನಲ್ಲೂ ಒಂದು ಪಾಲನ್ನ ನಮ್ಮ ಲೆಕ್ಕಕ್ಕೆ ಬರೆಯೋಕೆ ಅದರ 7(ಡಿ) ಕಲಮಿನಲ್ಲಿ ದಾರಿ ಇತ್ತು. ಅದನ್ನ ತೆಗೆಸೋಕೆ ಹತ್ತು ವರ್ಷ ಕೂಗಬೇಕಾಯ್ತು, 2023ರಲ್ಲಿ ತೆಗೆದರು. ಹನಿ ಕೆಳಗೆ ಕಂಡಿದ್ದು, ಸಂದು ಇದ್ದದ್ದು ಮೇಲೆ.

ಮೂರನೇದು: ತೊಳೀರಿ. ಸೀಮೆಎಣ್ಣೆ ಅಥವಾ ಡೀಸೆಲ್, ಹಳೇ ಬ್ರಶ್ಶು, ಆಮೇಲೆ ಸೋಪಿನ ನೀರು. ಇಂಜಿನ್ ಮೈ ಪೂರ್ತಿ ಒಣಗಬೇಕು. ಹಳೇ ಜಿಡ್ಡಿನ ಮೇಲೆ ಹೊಸ ಸೋರಿಕೆ ಯಾವತ್ತೂ ಸಿಗೋದಿಲ್ಲ.

ನಾಲ್ಕನೇದು: ಒಣಗಿದ ಮೇಲೆ ಪೌಡರ್ ಬಳೀರಿ. ಮುಖಕ್ಕೆ ಹಚ್ಚೋ ಪೌಡರೇ ಸಾಕು. ನಾನು ಬೂದಿ ಬಳಿದೆ, ಸೋಸಿದ ಒಲೆ ಬೂದಿ. ಯಾಕಂದ್ರೆ ಇದನ್ನ ನಾನು ಮೆಕ್ಯಾನಿಕ್ ಹತ್ರ ಕಲಿತದ್ದಲ್ಲ, ತಾತನ ಹತ್ರ ಕಲಿತದ್ದು.

ನಮ್ಮ ತಾತ ತೊಗಲಿನ ಕೆಲಸದವನು. ಕರೆಂಟು, ಪಂಪ್‌ಸೆಟ್ಟು ಬರೋಕ್ಕಿಂತ ಮೊದಲು ಬಾವಿಯಿಂದ ಎತ್ತು ಹೂಡಿ ನೀರೆತ್ತೋಕೆ ತೊಗಲಿನ ಬಾನಿ ಬೇಕಾಗ್ತಿತ್ತು. ಆ ಕಾಲ ಹೋದ ಮೇಲೂ ಹಳ್ಳಿಯವರು ಸೈಕಲ್ ಪಂಪಿನ ವಾಷರ್, ಸ್ಟೌ ಪಂಪಿನ ವಾಷರ್ ಅಂತ ಅವನ ಹತ್ರಾನೇ ಬರ್ತಿದ್ರು. ಗಾಳಿ, ನೀರು, ಎಣ್ಣೆ ಯಾವುದೂ ದಾಟಬಾರದು ಅಂದ್ರೆ ತೊಗಲನ್ನ ಎಷ್ಟು ಹದಕ್ಕೆ ತರಬೇಕು, ಎಷ್ಟು ಎಣ್ಣೆ ಕುಡಿಸಬೇಕು ಅಂತ ಅವನ ಬೆರಳಿಗೆ ಗೊತ್ತಿತ್ತು. ಹಳೇ ಬಾನಿಯ ಹೊಲಿಗೆ ಸೋರ್ತದೆ ಅಂತ ಯಾರಾದರೂ ತಂದರೆ ಅವನು ಮೊದಲು ಒಣಗಿಸ್ತಿದ್ದ, ಹೊರಗಡೆ ತುಂಬ ಬೂದಿ ಒರೆಸ್ತಿದ್ದ, ಆಮೇಲೆ ನೀರು ತುಂಬಿ ತೂಗುಹಾಕಿ ಬೀಡಿ ಹಚ್ಚಿ ಎದುರಿಗೆ ಕೂಡ್ತಿದ್ದ. "ನೀರು ಎಲ್ಲಿ ತೊಟ್ಟಿಕ್ಕತೈತೆ ನೋಡಬ್ಯಾಡ, ಬೂದಿ ಮೊದಲು ಎಲ್ಲಿ ಕಪ್ಪಾತು ನೋಡು" ಅಂತಿದ್ದ. ಅವನು ಹೊಲಿದ ಬಾನಿಯಿಂದ ಊರಿನ ಹೊಲವೆಲ್ಲ ನೀರು ಕುಡಿದವು. ಅದೇ ಬಾವಿಯಲ್ಲಿ ಅವನು ಕೊಡ ಇಳಿಸೋ ಹಂಗಿರಲಿಲ್ಲ.

ಚಹಾದಂಗಡಿಯಲ್ಲಿ "ಯಾರ ಕೈಗೆ ಬಂತು" ಅಂದವರಿಗೆ ಈ ಕೈ ಯಾವುದು ಅಂತ ಗೊತ್ತಿಲ್ಲ. ಸೋರದ ಹಾಗೆ ಹೊಲಿಯೋದು ನಮ್ಮ ಮನೆತನದ ವಿದ್ಯೆ.

ಐದನೇದು: ಓಡಿಸಿ ನೋಡ್ರಿ. ತಣ್ಣಗಿನ ಇಂಜಿನ್ ಸುಳ್ಳು ಹೇಳ್ತದೆ. 20ಡಬ್ಲ್ಯೂ50 ಎಣ್ಣೆ ತಣ್ಣಗಿದ್ದಾಗ ಬೆಲ್ಲದ ಪಾಕದ ಹಂಗೆ ಇರ್ತದೆ, ಕಾದಾಗ ತೆಳುವಾಗಿ ಕೂದಲೆಳೆಯ ಸಂದಿನಲ್ಲೂ ನುಗ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೇರೆ ಹೇಳಬೇಕಾ. ಮಧ್ಯಾಹ್ನ ಹೊಳೆ ಸೇತುವೆ ತನಕ ಹೋಗಿ ಬಂದು, ಬೇವಿನ ಮರದ ನೆರಳಿಗೆ ನಿಲ್ಲಿಸಿ, ಬ್ಯಾಟರಿ ಹಾಕಿ ನೋಡಿದೆ. ಬಲಗಡೆ ಟ್ಯಾಪೆಟ್ ಡೋರಿನ ಕೆಳತುದಿಯಲ್ಲಿ ಬೂದಿ ಕಪ್ಪಾಗಿತ್ತು. ಬೇರೆ ಎಲ್ಲೂ ಇಲ್ಲ.

ಟ್ಯಾಪೆಟ್ ಡೋರು ಅಂದ್ರೆ ಒಂದೇ ನಟ್ಟಿನ ಮೇಲೆ ನಿಲ್ಲೋ ಸಣ್ಣ ಮುಚ್ಚಳ. ಅದರ ಪ್ಯಾಕಿಂಗ್ ಬದಲಿಸಿದ್ವಿ. ಅದು ನಿಂತಿತು. ಮರುದಿನ ಮೇಲೆ ರಾಕರ್ ಕವರಿನಲ್ಲಿ ಬೂದಿ ಕಪ್ಪು. ಅದನ್ನೂ ಬಿಚ್ಚಿ ಮಟ್ಟ ನೋಡಿ ಹೊಸ ಪ್ಯಾಕಿಂಗ್ ಕೂರಿಸಿದ್ವಿ. ಅದೂ ನಿಂತಿತು. ಅದರ ಮರುದಿನ ಟೈಮಿಂಗ್ ಕವರಿನ ಅಂಚು. ಜೊತೆಗೆ ಕ್ಲಚ್ ಡಬ್ಬಿಯಲ್ಲಿ ಎಣ್ಣೆ ಮಟ್ಟ ತಾನಾಗೇ ಏರಿತ್ತು, ಅಂದ್ರೆ ಇಂಜಿನ್ ಎಣ್ಣೆ ಕ್ರಾಂಕ್ ಸೀಲ್ ದಾಟಿ ಅಲ್ಲಿಗೂ ಹೋಗ್ತಿತ್ತು.

ಉಸ್ತಾದ್, "ಎಲ್ಲ ಜಾಯಿಂಟಿಗೂ ಪೇಸ್ಟ್ ಬಳಿದು ಬಿಡೂಣು ತಮ್ಮಾ, ರ‍್ಯಾಲಿ ಮುಗೀತನಕ ನಡೀತೈತಿ" ಅಂದ್ರು. ನಾನು ಬ್ಯಾಡ ಅಂದೆ. ಜಾಸ್ತಿ ಬಳಿದ ಪೇಸ್ಟ್ ಒಳಗಡೆ ಹಿಂಡಿಕೊಂಡು, ತುಂಡಾಗಿ, ಎಣ್ಣೆ ದಾರಿಗೆ ಅಡ್ಡ ಕುಂತರೆ ಇಂಜಿನ್ನೇ ಹೋಗ್ತದೆ. ಅದಕ್ಕಿಂತ ದೊಡ್ಡ ಕಾರಣ, ಸೋರಿಕೆ ಜಾಗ ಬದಲಿಸ್ತಾ ಇತ್ತು. ಒಂದು ಮುಚ್ಚಿದರೆ ಅದಕ್ಕಿಂತ ಸ್ವಲ್ಪ ಗಟ್ಟಿ ಇದ್ದ ಇನ್ನೊಂದು ಬಿಟ್ಟುಕೊಡ್ತಿತ್ತು. ಅಂದ್ರೆ ತಪ್ಪು ಯಾವ ಪ್ಯಾಕಿಂಗಿನದೂ ಅಲ್ಲ. ಒಳಗಿಂದ ಏನೋ ತಳ್ತಾ ಇದೆ.

ಪಿಸ್ಟನ್ ಕೆಳಗೆ ಇಳಿದಾಗ ಅದರ ಕೆಳಗಿರೋ ಗಾಳಿಯನ್ನ ಒತ್ತುತ್ತದೆ. ಈ ಇಂಜಿನ್ 346 ಸಿಸಿ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಅಷ್ಟು ಗಾಳಿ ಕ್ರಾಂಕ್‌ಕೇಸಿನೊಳಗೆ ಒತ್ತಡಕ್ಕೆ ಸಿಗ್ತದೆ. ರಿಂಗಿನ ಸಂದಿನಿಂದ ಇಳಿಯೋ ಹೊಗೆ ಬೇರೆ. ಅದು ಹೊರಗೆ ಹೋಗೋಕೆ ಅಂತಾನೇ ಕ್ರಾಂಕ್‌ಕೇಸಿನ ಎಡಗಡೆ ಒಂದು ಬ್ರೀದರ್ ಇಟ್ಟಿರ್ತಾರೆ, ಉಸಿರಾಡೋ ಮೂಗು. ಒಳಗಿನ ಗಾಳಿ ಹೊರಗೆ ಬರಬೇಕು, ಹೊರಗಿಂದ ಒಳಗೆ ಹೋಗಬಾರದು, ಅಂಥ ಒಮ್ಮುಖ ವಾಲ್ವು ಅದಕ್ಕೆ. ಆ ಮೂಗು ಕಟ್ಟಿದರೆ ಗಾಳಿ ಸುಮ್ಮನಿರೋದಿಲ್ಲ. ಎಲ್ಲಿ ಸಂದು ಸಿಗ್ತದೋ ಅಲ್ಲಿ ಎಣ್ಣೆಯನ್ನ ಮುಂದೆ ದಬ್ಬಿಕೊಂಡು ಹೊರಗೆ ಬರ್ತದೆ.

ಇಂಜಿನ್ ಚಾಲೂ ಇಟ್ಟು ಬ್ರೀದರ್ ಪೈಪಿನ ತುದಿಗೆ ಬೆರಳು ಹಿಡಿದೆ. ಪುಸ್ ಪುಸ್ ಅಂತ ಗಾಳಿ ತಾಕಬೇಕು. ಏನೂ ಇಲ್ಲ. ಪೈಪ್ ಹೊಸದು, ಉಸ್ತಾದ್ ಹಾಕಿದ್ದು, ಅದರಲ್ಲಿ ಊದಿದರೆ ಆರಾಮಾಗಿ ಹೋಗ್ತದೆ. ಪೈಪ್ ಕೂಡೋ ಮೂತಿಯೊಳಗೆ ತಂತಿ ಹಾಕಿದರೆ ಅರ್ಧ ಬೆರಳು ಆಳದಲ್ಲಿ ಕಟ್ ಅಂತ ನಿಂತಿತು. ಮೂತಿ ಬಿಚ್ಚಿ ತೆಗೆದು ನೋಡಿದ್ವಿ. ಯಾರೋ ಎಂ-ಸೀಲ್ ತುಂಬಿ ಗಟ್ಟಿ ಮಾಡಿದ್ದರು. ಅದರ ಮೇಲೆ ವರ್ಷಗಟ್ಟಲೆ ಮಸಿ ಕುಂತು ಕಬ್ಬಿಣದ ಹಂಗೇ ಕಾಣ್ತಿತ್ತು.

ಉಸ್ತಾದ್ ನೋಡಿದ ಕೂಡಲೇ ನಕ್ಕರು. ಬ್ರೀದರ್ ಪೈಪಿನಿಂದ ಗಾಳಿ ಜೊತೆ ಸ್ವಲ್ಪ ಎಣ್ಣೆ ಮಂಜು ಬರೋದು ಸಹಜ, ಹಿಂದೆ ಚೈನಿನ ಕಡೆ ಸಿಡೀತದೆ. ಬಿಳೀ ಪಂಚೆ, ಬಿಳೀ ಪ್ಯಾಂಟಿನ ಮಾಲೀಕರಿಗೆ ಅದು ಕಿರಿಕಿರಿ. "ಇದನ್ನ ಬಂದ್ ಮಾಡು" ಅಂತ ಮೆಕ್ಯಾನಿಕ್ಕಿಗೆ ಹೇಳ್ತಾರೆ, ಅವನು ಬಂದ್ ಮಾಡ್ತಾನೆ. ಇಂಥಾವು ಅವರು ಎಷ್ಟೋ ನೋಡ್ಯಾರಂತೆ. ಒಬ್ಬರ ಬಟ್ಟೆಗೆ ಕಲೆ ಆಗಬಾರದು ಅಂತ ಇಂಜಿನ್ನಿನ ಮೂಗು ಮುಚ್ಚಿದ್ದು. ಅವತ್ತಿನಿಂದ ಅದು ಮೈಯೆಲ್ಲ ಸೋರ್ತಾ ಇದೆ, "ಅದರ ಜಾತಿನೇ ಹಂಗ" ಅಂತ ಹೆಸರು ಬೇರೆ.

ಮೂತಿ ಸ್ವಚ್ಛ ಮಾಡಿ, ವಾಲ್ವಿನ ರಬ್ಬರ್ ಹೊಸದು ಹಾಕಿ, ಪೈಪಿನ ತುದಿಗೆ ಒಂದು ಸಣ್ಣ ಪ್ಲಾಸ್ಟಿಕ್ ಬಾಟ್ಲಿ ಕಟ್ಟಿದ್ವಿ. ಕ್ರಾಂಕ್ ಸೀಲ್ ಒಂದು ಬದಲಿಸಬೇಕಾಯ್ತು. ಮತ್ತೆ ತೊಳೆದು, ಮತ್ತೆ ಬೂದಿ ಬಳಿದು, ಸೇತುವೆ ದಾಟಿ ಸಿರುಗುಪ್ಪ ತನಕ ಹೋಗಿ ಬಂದೆ. ಬೂದಿ ಬೂದಿಯಾಗೇ ಇತ್ತು.

ನಮ್ಮ ಹೊಳೆ ದಂಡೆಯವರಿಗೆ ಒತ್ತಡ ಅಂದ್ರೇನು ಅಂತ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತು. 33 ಗೇಟುಗಳಲ್ಲಿ ಒಂದು. ಕೆಳಗಿರೋ ನಾವೆಲ್ಲ ನಿದ್ದೆಗೆಟ್ಟು ಹೊಳೆ ಕಾದ್ವಿ. ಆಗ ಉಳಿದ ಗೇಟುಗಳನ್ನೂ ತೆರೆದು ಒತ್ತಡ ಇಳಿಸಿದರು, ಆಮೇಲೆ ಆ ಜಾಗಕ್ಕೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಮುರಿದ ಜಾಗ ಮುಚ್ಚೋದು ಒಂದು ಕೆಲಸ, ಒತ್ತಡಕ್ಕೆ ದಾರಿ ಕೊಡೋದು ಇನ್ನೊಂದು ಕೆಲಸ. ಎರಡನೇದು ಮಾಡದೆ ಮೊದಲನೇದು ನಿಲ್ಲೋದಿಲ್ಲ.

ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ನಮ್ಮ ಭಾಗದ ಒಂದು ಹಳ್ಳಿ, ಹೆಸರು ಬ್ಯಾಡ. ಅಲ್ಲಿ ಕಟಿಂಗ್ ಅಂಗಡಿಯಲ್ಲಿ ನಮ್ಮ ಹುಡುಗರಿಗೆ ಕಟಿಂಗ್ ಮಾಡ್ತಿರಲಿಲ್ಲ. ದೂರು ಕೊಟ್ವಿ. ಅಧಿಕಾರಿಗಳು ಬಂದರು, ಶಾಂತಿ ಸಭೆ ಆಯ್ತು, ಒಟ್ಟಿಗೆ ಚಹಾ ಕುಡಿದ ಫೋಟೋ ಪೇಪರಿನಲ್ಲಿ ಬಂತು. ಕಟಿಂಗ್ ಶುರುವಾಯ್ತು. ಎರಡು ತಿಂಗಳಿಗೆ ಹೋಟೆಲ್ಲಿನಲ್ಲಿ ಗ್ಲಾಸಿನ ತಕರಾರು. ಮತ್ತೆ ಸಭೆ. ಹೋಟೆಲ್ ಸರಿಹೋಯ್ತು. ಆಮೇಲೆ ನಮ್ಮ ಹೆಣ್ಣುಮಕ್ಕಳನ್ನ ನಾಟಿ ಕೂಲಿಗೆ ಕರೆಯೋದು ನಿಲ್ಲಿಸಿದರು. ಪ್ರತಿ ಸಲ ಒಂದು ಜಾಗದಲ್ಲಿ ಪೇಸ್ಟ್, ಪ್ರತಿ ಸಲ ಇನ್ನೊಂದು ಜಾಗದಲ್ಲಿ ಸೋರಿಕೆ. ಒಳಗೆ ತಳ್ತಾ ಇದ್ದದ್ದು ಕೂಲಿ ದರದ ಜಗಳ, ಒಂದಿಷ್ಟು ಸರ್ಕಾರಿ ಜಮೀನಿನ ಜಗಳ. ಅದರ ಮಾತು ಯಾವ ಸಭೆಯಲ್ಲೂ ಬರಲಿಲ್ಲ.

ಕಾನೂನು ಬರೆದವರು ಈ ಇಂಜಿನ್ನಿಗೂ ಬ್ರೀದರ್ ಇಟ್ಟಾರೆ. ದೌರ್ಜನ್ಯ ತಡೆ ಕಾಯ್ದೆ 1989ರದ್ದು, ಅದರ ನಿಯಮಗಳು 1995ರವು. ಆ ನಿಯಮದ ಪ್ರಕಾರ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ನಮ್ಮವರ ಮಾತು, ಸಿಟ್ಟು, ಲೆಕ್ಕ ಎಲ್ಲ ಅಲ್ಲಿ ಹೊರಗೆ ಬರಬೇಕು. ಸಭೆ ಕಾಟಾಚಾರಕ್ಕೆ ನಡೆದರೆ, ಮಾತಾಡಿದವನನ್ನ "ಇವನು ಗಲಾಟೆ ಗಿರಾಕಿ" ಅಂತ ಕೂರಿಸಿದರೆ, ಅದು ಮೂತಿಗೆ ಎಂ-ಸೀಲ್ ತುಂಬಿದ ಹಂಗೆ. ನಾವು ಮಾತಾಡೋದು ಕೆಲವರ ಬಿಳೀ ಬಟ್ಟೆಗೆ ಸಿಡೀತದೆ, ನಿಜ. ಸಿಡೀಲಿ, ತೊಳ್ಕೊಳ್ಳಲಿ.

ನಮ್ಮ ಹುಡುಗರಿಗೂ ಒಂದು ಮಾತು. ಎಲ್ಲಾದರೂ ಘಟನೆ ಆದ ಕೂಡಲೇ ಹನಿ ಬಿದ್ದ ಜಾಗದಲ್ಲಿ ಕೂಗಿ ಬರಬ್ಯಾಡ್ರಿ. ಕೂಗೋದು ಬೇಕು, ಅದರ ಜೊತೆ ಹುಡುಕೋದೂ ಬೇಕು. ಯಾವ ಎಣ್ಣೆ? ಮೊದಲು ಎಲ್ಲಿ ಕಪ್ಪಾಯ್ತು? ಯಾವಾಗ, ಕಾದಾಗಲೋ ತಣ್ಣಗಿದ್ದಾಗಲೋ? ತಾರೀಕು ಬರೀರಿ, ಕಾಗದ ತೆಗೆಸ್ರಿ, ಪಹಣಿ ನೋಡ್ರಿ. ಸಮಿತಿಯ ಹಿಂದಿನ ಸಭೆ ಯಾವತ್ತು ಆಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ರಿ. ಹತ್ತು ರೂಪಾಯಿ ಸಾಕು.

ಏಪ್ರಿಲ್ 14ಕ್ಕೆ ಬುಲೆಟ್ ಮುಂದೆ ಹೋಯ್ತು, ಸಿಂಧನೂರು ತನಕ, ಹಿಂದೆ ನಮ್ಮ ಹುಡುಗರ ಗಾಡಿಗಳ ಸಾಲು. ಚಹಾದಂಗಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿದ್ವಿ, ಬೇಕಂತಲೇ. ಯಾರೂ ಏನೂ ಅನ್ನಲಿಲ್ಲ. ಒಬ್ಬ ಸಣ್ಣ ಹುಡುಗ ಮಾತ್ರ ಬಗ್ಗಿ ಗಾಡಿ ಕೆಳಗೆ ನೋಡಿ, "ಅಣ್ಣಾ, ಒಣಗೈತಿ" ಅಂದ.

ಬ್ರೀದರಿಗೆ ಕಟ್ಟಿದ ಬಾಟ್ಲಿಯಲ್ಲಿ ವಾರಕ್ಕೆ ಒಂದೆರಡು ಚಮಚ ಎಣ್ಣೆ ಸೇರ್ತದೆ, ಭಾನುವಾರ ತೆಗೆದು ಹಾಕ್ತೀನಿ. ಅಷ್ಟು ಬರಬೇಕು, ಅದು ಬರದಿದ್ರೇನೇ ಹೆದರಬೇಕು. ನಿಮ್ಮ ಹತ್ರ ಸೋರೋ ಹಳೇ ಬುಲೆಟ್ ಇದ್ರೆ ಪ್ಯಾಕಿಂಗಿಗೆ ದುಡ್ಡು ಹಾಕೋಕ್ಕಿಂತ ಮೊದಲು ಪೈಪಿಗೆ ಬೆರಳು ಹಿಡಿದು ನೋಡ್ರಿ. ಗೊತ್ತಾಗಲಿಲ್ಲ ಅಂದ್ರೆ ದಢೇಸುಗೂರಿಗೆ ಬರ್ರಿ, ಒಲೆ ಬೂದಿ ನಮ್ಮ ಮನೆಯಲ್ಲಿ ಬೇಕಾದಷ್ಟು ಐತಿ.

ಜೈ ಭೀಮ್.